ಹಗ್ಗ ಕಟ್ಟಿದರೆ ಪೈಲಟ್ ನಿಲ್ತಾನಾ?

ಒಂದು ಊರಿಗೆ ಮೊದಲ ವಿಮಾನ ಬಂದಾಗ ಏನೇನಾಗುತ್ತೆ ಅಂತ ನೀವೆಲ್ಲ ನೋಡಿದ್ದೀರಿ. ಜಲಫಿರಂಗಿ ಸ್ವಾಗತ, ಮಂತ್ರಿಗಳ ಹಾರ, ನಮ್ಮ ಚಾನೆಲ್‌ಗಳ ನೇರಪ್ರಸಾರ. ಕಲಬುರಗಿಯಲ್ಲಿ 2019ರ ನವೆಂಬರ್‌ನಲ್ಲಿ ನೋಡಿದೆವು, ಬೀದರ್‌ನಲ್ಲಿ 2020ರ ಫೆಬ್ರವರಿಯಲ್ಲಿ ನೋಡಿದೆವು, ಶಿವಮೊಗ್ಗದಲ್ಲಿ 2023ರ ಆಗಸ್ಟ್‌ನಲ್ಲಿ ನೋಡಿದೆವು. ಆದರೆ ಅದೇ ವಿಮಾನ ನಿಂತು ಹೋದಾಗ? ಸ್ಕ್ರೀನಿನ ಕೆಳಗೆ ಒಂದು ಸಾಲು ಓಡುತ್ತೆ. 'ಕಾರ್ಯಾಚರಣೆಯ ಕಾರಣಗಳಿಂದ ವಿಮಾನ ರದ್ದು.' ಮುಗೀತು.

ಈ 'ಕಾರ್ಯಾಚರಣೆಯ ಕಾರಣ' ಅನ್ನೋ ಮೂಟೆಯೊಳಗೆ ಬಹಳ ಸಾಮಾನು ಇರುತ್ತೆ. ಬಿಡಿಭಾಗ ಸಿಗದೆ ನಿಂತ ವಿಮಾನ, ಮಂಜು, ಮಳೆ, ತುಂಬದ ಸೀಟು, ತೀರಿಸದ ಬಾಡಿಗೆ. ಇವುಗಳ ಜೊತೆ ಇನ್ನೊಂದಿದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ: ಪೈಲಟ್ ಇಲ್ಲ. ಇದ್ದವನು ದೊಡ್ಡ ಕಂಪನಿಗೆ ಹೋದ. ಹೋಗದಂತೆ ತಡೆಯೋಕೆ ಸಣ್ಣ ಕಂಪನಿ ಬಾಂಡ್ ಬರೆಸಿಕೊಂಡಿತ್ತು, ನೋಟಿಸ್ ಅವಧಿ ಹಾಕಿತ್ತು. ಆದರೂ ಹೋದ. ಯಾಕೆ ಹೋದ, ತಪ್ಪು ಯಾರದ್ದು, ಹಗ್ಗ ಕಟ್ಟಿದರೆ ಪೈಲಟ್ ನಿಲ್ತಾನಾ ಅನ್ನೋದೇ ಇವತ್ತಿನ ವಿಷಯ.

ಮೊದಲು ಲೆಕ್ಕ ನೋಡೋಣ. ಇಂಜಿನಿಯರಿಂಗ್ ಓದಿದ ಪ್ರಾರಬ್ಧ, ಲೆಕ್ಕ ಬಿಟ್ಟು ನನಗೆ ಮಾತು ಬರಲ್ಲ.

ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಓದಿರಬೇಕು. ಕ್ಲಾಸ್ ಒನ್ ಮೆಡಿಕಲ್ ಪಾಸಾಗಬೇಕು. ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಡೆಸುವ ಪರೀಕ್ಷೆಗಳನ್ನು ಬರೆಯಬೇಕು. 200 ಗಂಟೆ ಹಾರಾಟ ಪೂರೈಸಬೇಕು. ಆಗ ಕೈಗೆ ಬರೋದು ಸಿಪಿಎಲ್, ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಜಕ್ಕೂರಿನ ಸರ್ಕಾರಿ ಶಾಲೆ ಇದೆ, ಈಗ ಕಲಬುರಗಿ, ಬೆಳಗಾವಿಯಲ್ಲೂ ಖಾಸಗಿ ತರಬೇತಿ ಕೇಂದ್ರಗಳು ಬಂದಿವೆ. ಎಲ್ಲೇ ಕಲಿತರೂ ಖರ್ಚು ಅರ್ಧ ಕೋಟಿಯ ಆಸುಪಾಸು. ದೊಡ್ಡ ಏರ್‌ಲೈನ್‌ಗಳ ಕೆಡೆಟ್ ಯೋಜನೆಗೆ ಸೇರಿದರೆ ಒಂದು ಕೋಟಿ ದಾಟೋದೂ ಉಂಟು.

ಲೈಸೆನ್ಸ್ ಬಂತಲ್ಲ, ಕೆಲಸ ಸಿಕ್ಕಿತಾ? ಇಲ್ಲ. ನಮ್ಮ ಸಾರಿಗೆ ಸಂಸ್ಥೆ ಡ್ರೈವರ್‌ಗೆ ಹೆವಿ ಲೈಸೆನ್ಸ್ ಇದ್ದರೆ ಟಾಟಾ ಬಸ್ಸಾದರೂ ಸರಿ, ಲೇಲ್ಯಾಂಡ್ ಆದರೂ ಸರಿ, ಹತ್ತಿ ಕೂತು ಓಡಿಸ್ತಾರೆ. ವಿಮಾನದಲ್ಲಿ ಹಾಗಲ್ಲ. ಒಂದೊಂದು ಮಾದರಿಗೂ ಬೇರೆ ಬೇರೆ ಅನುಮತಿ ಬೇಕು. ಅದಕ್ಕೆ ಟೈಪ್ ರೇಟಿಂಗ್ ಅಂತಾರೆ. ಎಟಿಆರ್‌ಗೆ ಒಂದು, ಎಂಬ್ರೇಯರ್‌ಗೆ ಒಂದು, ಏರ್‌ಬಸ್ 320ಕ್ಕೆ ಮತ್ತೊಂದು. ಪ್ರತಿಯೊಂದಕ್ಕೂ ತರಗತಿ, ಸಿಮ್ಯುಲೇಟರ್, ಪರೀಕ್ಷೆ, ಮತ್ತೆ ಲಕ್ಷಗಟ್ಟಲೆ ದುಡ್ಡು.

ಒಬ್ಬ ಹುಡುಗ 50 ಲಕ್ಷ ಸಾಲ ತೆಗೆದ ಅಂತಿಟ್ಟುಕೊಳ್ಳಿ. ಶೇಕಡಾ 10 ಬಡ್ಡಿ, 10 ವರ್ಷ. ತಿಂಗಳ ಕಂತು ಸುಮಾರು 66 ಸಾವಿರ. ಒಟ್ಟು ಕಟ್ಟೋದು 79 ಲಕ್ಷದ ಮೇಲೆ. ಅದೂ ಕೆಲಸ ಸಿಕ್ಕ ದಿನದಿಂದ ಕಂತು ಶುರುವಾದರೆ. ಲೈಸೆನ್ಸ್ ಹಿಡಿದುಕೊಂಡು ಎರಡು ವರ್ಷ ಮನೆಯಲ್ಲಿ ಕೂತರೆ ಬಡ್ಡಿ ಕೂತಿರಲ್ಲ. ಸಾಲಕ್ಕೆ ಭದ್ರತೆ ಏನು? ಅಪ್ಪನ ಮನೆ, ಇಲ್ಲವೇ ಅಜ್ಜನ ಕಾಲದ ಜಮೀನು.

ಇಂಥ ಹುಡುಗನಿಗೆ ಒಂದು ಪ್ರಾದೇಶಿಕ ಏರ್‌ಲೈನ್ ಕೆಲಸ ಕೊಡುತ್ತೆ. ಪ್ರಾದೇಶಿಕ ಅಂದರೆ 50ರಿಂದ 78 ಸೀಟಿನ ವಿಮಾನ ಇಟ್ಟುಕೊಂಡು ಸಣ್ಣ ಊರುಗಳನ್ನು ಬೆಸೆಯುವ ಕಂಪನಿ. ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದಾಗ ಮೊದಲು ಹಾರಿಸಿದ್ದು ಬೆಂಗಳೂರಿನಿಂದ ಹುಬ್ಬಳ್ಳಿಗೆ, ಅದೂ ಎಟಿಆರ್. ಇವತ್ತು ಸ್ಟಾರ್ ಏರ್, ಸರ್ಕಾರಿ ಒಡೆತನದ ಅಲಯನ್ಸ್ ಏರ್, ಇಂಡಿಗೋದ ಎಟಿಆರ್ ವಿಭಾಗ ಈ ಕೆಲಸ ಮಾಡ್ತಿವೆ.

ಕೆಲಸ ಸಿಕ್ಕಿದ ದಿನದಿಂದ ಹುಡುಗನ ತಲೆಯಲ್ಲಿ ಒಂದೇ ಸಂಖ್ಯೆ ತಿರುಗುತ್ತೆ: 1500. ಅಷ್ಟು ಗಂಟೆ ಹಾರಿದರೆ, ಜೊತೆಗೆ ಬೇರೆ ಷರತ್ತುಗಳನ್ನೂ ಪೂರೈಸಿದರೆ, ಎಟಿಪಿಎಲ್ ಅನ್ನೋ ಮೇಲಿನ ಲೈಸೆನ್ಸ್. ಅದಿಲ್ಲದೆ ಕ್ಯಾಪ್ಟನ್ ಆಗೋ ಹಾಗಿಲ್ಲ. ಈಗಾಗಲೇ 200 ಇದೆ, ಇನ್ನು 1300 ಬೇಕು. ವರ್ಷಕ್ಕೆ 700 ಗಂಟೆ ಸಿಕ್ಕರೆ ಎರಡು ವರ್ಷದೊಳಗೆ ಮುಗಿಯುತ್ತೆ. ಕಂಪನಿಯ ಎರಡು ವಿಮಾನ ರಿಪೇರಿಗೆ ನಿಂತು ತಿಂಗಳಿಗೆ 40 ಗಂಟೆ ಸಿಕ್ಕಿತು ಅನ್ನಿ, ಅದೇ ದಾರಿ ಎರಡೂಮುಕ್ಕಾಲು ವರ್ಷ ಹಿಡಿಯುತ್ತೆ.

ಇಲ್ಲೊಂದು ಸೂಕ್ಷ್ಮ ಇದೆ, ಹೊರಗಿನವರಿಗೆ ಕಾಣಲ್ಲ. ಬೆಂಗಳೂರಿಂದ ಹುಬ್ಬಳ್ಳಿಗೆ ಗಂಟೆಯ ದಾರಿ. ಪ್ರಾದೇಶಿಕ ಪೈಲಟ್ ದಿನಕ್ಕೆ ನಾಲ್ಕು ಸಲ ಏರಿ ನಾಲ್ಕು ಸಲ ಇಳಿದರೆ ಅವನ ಪುಸ್ತಕದಲ್ಲಿ ಬೀಳೋದು ನಾಲ್ಕೋ ಐದೋ ಗಂಟೆ. ದೊಡ್ಡ ಕಂಪನಿಯವನು ಬೆಂಗಳೂರು-ದೆಹಲಿ ಒಂದು ಸಲ ಹೋಗಿ ಬಂದರೆ ಐದೂವರೆ ಗಂಟೆ. ಎರಡೇ ಲ್ಯಾಂಡಿಂಗ್. ವಿಮಾನ ಹಾರಿಸೋದರಲ್ಲಿ ಕಷ್ಟದ ಭಾಗ ಏರೋದು, ಇಳಿಯೋದು. ಜುಲೈ ತಿಂಗಳ ಮಳೆಗಾಳಿಯಲ್ಲಿ ಬೆಳಗಾವಿಯಲ್ಲಿ ಇಳಿಸಿದವನ ಕೈಗೆ ಬರುವ ಪಳಗು ಬೇರೆಯೇ. ಆದರೆ ಸಂಬಳದ ಲೆಕ್ಕವಿರಲಿ, ಬಡ್ತಿಯ ಲೆಕ್ಕವಿರಲಿ, ಎಣಿಸೋದು ಗಂಟೆಯನ್ನೇ. ಹೆಚ್ಚು ದುಡಿದವನ ಖಾತೆಗೆ ಕಡಿಮೆ ಜಮೆ. ಅವನ ಕಣ್ಣು ದೊಡ್ಡ ವಿಮಾನದ ಮೇಲೆ ಬೀಳದೆ ಇರುತ್ತಾ?

ಇನ್ನು ದೊಡ್ಡವರ ಹಸಿವು ನೋಡಿ. 2023ರಲ್ಲಿ ಏರ್ ಇಂಡಿಯಾ 470 ವಿಮಾನಕ್ಕೆ, ಇಂಡಿಗೋ ಒಂದೇ ಏಟಿಗೆ 500 ವಿಮಾನಕ್ಕೆ ಆರ್ಡರ್ ಕೊಟ್ಟವು. 2024ರ ಜನವರಿಯಲ್ಲಿ ಅಕಾಸಾ 150 ಅಂದಿತು. ವಿಮಾನ ಕಾರ್ಖಾನೆಯಿಂದ ಬರುತ್ತೆ, ಕ್ಯಾಪ್ಟನ್ ಕಾರ್ಖಾನೆಯಿಂದ ಬರಲ್ಲ. ಅವನು ಬರೋದು ಇನ್ನೊಬ್ಬರ ಕಾಕ್‌ಪಿಟ್‌ನಿಂದ. ಇದರ ಮೇಲೆ ವಿಶ್ರಾಂತಿ ನಿಯಮ ಬಿಗಿಯಾಯಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿ ಲ್ಯಾಂಡಿಂಗ್‌ಗೆ ಮಿತಿ ಬಂತು. ಒಳ್ಳೆಯದೇ. ನಿದ್ದೆಗೆಟ್ಟ ಪೈಲಟ್ ಕೈಗೆ ನಮ್ಮ ಜೀವ ಕೊಡೋಕೆ ಯಾರಿಗೂ ಇಷ್ಟ ಇಲ್ಲ. ಆದರೆ 2025ರ ಡಿಸೆಂಬರ್‌ನಲ್ಲಿ ಏನಾಯಿತು? ದೇಶದ ಅತಿ ದೊಡ್ಡ ಏರ್‌ಲೈನ್ ಇಂಡಿಗೋ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದು ಮಾಡಿತು. ಹೊಸ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಹೊಂದಿಸಿಕೊಂಡಿರಲಿಲ್ಲ. ಕೊನೆಗೆ ಸರ್ಕಾರವೇ ತಾತ್ಕಾಲಿಕವಾಗಿ ನಿಯಮ ಸಡಿಲಿಸಬೇಕಾಯಿತು. ದೊಡ್ಡವನ ಮನೆಯಲ್ಲೇ ಕೊರತೆ ಅಂದರೆ ಅವನು ಕೈಚಾಚೋದು ಪಕ್ಕದ ಸಣ್ಣ ಮನೆಗೆ ತಾನೇ?

ಈಗ ಸಣ್ಣ ಕಂಪನಿಯ ಕಡೆಯಿಂದಲೂ ನೋಡಬೇಕು. ಅದು ನ್ಯಾಯ. ಒಂದು ವಿಮಾನವನ್ನು ವಾರಪೂರ್ತಿ ಹಾರಿಸೋಕೆ ಐದಾರು ಜೋಡಿ ಪೈಲಟ್ ಬೇಕು. ಐದು ವಿಮಾನದ ಕಂಪನಿಯಲ್ಲಿ ನಾಲ್ಕು ಕ್ಯಾಪ್ಟನ್ ಒಟ್ಟಿಗೆ ರಾಜೀನಾಮೆ ಕೊಟ್ಟರೆ ಒಂದು ಊರಿನ ವಿಮಾನವೇ ನಿಲ್ಲಬಹುದು. ಕಂಪನಿ ದುಡ್ಡು ಹಾಕಿ ಟೈಪ್ ರೇಟಿಂಗ್ ಮಾಡಿಸಿರುತ್ತೆ, ಆರು ತಿಂಗಳು ಕಲಿಸಿರುತ್ತೆ. ಕಲಿತವನು ಮರುದಿನ ಎದ್ದು ಹೋದರೆ ಹೊಟ್ಟೆ ಉರಿಯದೆ ಇರುತ್ತಾ? ಅದಕ್ಕೇ ಬಾಂಡ್. ಮೂರು ವರ್ಷ, ಐದು ವರ್ಷ, ಬಿಟ್ಟು ಹೋದರೆ ಇಷ್ಟು ಲಕ್ಷ.

ಇದರ ಮೇಲೆ ಸರ್ಕಾರದ ಇನ್ನೊಂದು ಗಂಟು. 2017ರ ಆಗಸ್ಟ್‌ನಲ್ಲಿ ಡಿಜಿಸಿಎ ನಿಯಮ ಬದಲಿಸಿತು. ಕ್ಯಾಪ್ಟನ್ ಕೆಲಸ ಬಿಡಬೇಕಾದರೆ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು, ಕೋ-ಪೈಲಟ್ ಆರು ತಿಂಗಳು. ಹಳೆ ಕಂಪನಿಯ ನಿರಾಕ್ಷೇಪಣಾ ಪತ್ರ ಇಲ್ಲದೆ ಹೊಸ ಕಂಪನಿ ಸೇರಿಸಿಕೊಳ್ಳುವಂತಿಲ್ಲ. ಯೋಚನೆ ಮಾಡಿ, ಇವತ್ತು ರಾಜೀನಾಮೆ ಕೊಟ್ಟರೆ ಮುಂದಿನ ವರ್ಷ ಇದೇ ದಿನ ಬಿಡುಗಡೆ! ಸಾಫ್ಟ್‌ವೇರ್‌ನವರು ಮೂರು ತಿಂಗಳ ನೋಟಿಸ್‌ಗೇ ಬೀದಿಗೆ ಬಂದ ಹಾಗೆ ಮಾತಾಡ್ತಾರೆ. ಪೈಲಟ್ ಸಂಘಗಳು ಈ ನಿಯಮದ ವಿರುದ್ಧ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು.

ನಿಯಮದಲ್ಲಿ ಪೈಲಟ್ ಪರವಾಗಿಯೂ ಒಂದು ಸಾಲು ಇದೆ, ಬಹಳ ಜನ ಓದಿರಲ್ಲ. ನೋಟಿಸ್ ಅವಧಿಯಲ್ಲಿ ಕಂಪನಿ ಸಂಬಳ, ಸವಲತ್ತು ಕಡಿತ ಮಾಡಿದರೆ ಅಥವಾ ಷರತ್ತುಗಳನ್ನು ಪೈಲಟ್‌ಗೆ ನಷ್ಟವಾಗುವ ಹಾಗೆ ಬದಲಿಸಿದರೆ, ಅವಧಿಗೆ ಮೊದಲೇ ಬಿಡುಗಡೆ ಕೇಳೋಕೆ ಅವನು ಸ್ವತಂತ್ರ.

ಇಷ್ಟೆಲ್ಲ ಹಗ್ಗ ಕಟ್ಟಿದ ಮೇಲೆ ಪೈಲಟ್‌ಗಳು ನಿಂತರಾ? 2023ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಅಕಾಸಾ ಪ್ರಾದೇಶಿಕ ಕಂಪನಿಯಲ್ಲ, ಬೋಯಿಂಗ್ ಹಾರಿಸುವ ಕಂಪನಿ. ಆದರೆ ಪಾಠ ಅದೇ. ನಮ್ಮ 43 ಪೈಲಟ್‌ಗಳು ನೋಟಿಸ್ ಪೂರೈಸದೆ ಹೊರಟುಹೋದರು, ವಿಮಾನ ರದ್ದಾಗ್ತಿದೆ, ಕಾಪಾಡಿ ಅಂತ ಅದು ಕೋರ್ಟಿಗೆ ಹೋಯಿತು. ಡಿಜಿಸಿಎ ಕೋರ್ಟಿನಲ್ಲಿ ಏನು ಹೇಳಿತು ಗೊತ್ತಾ? ಕಂಪನಿ ಮತ್ತು ಪೈಲಟ್ ನಡುವಿನ ಉದ್ಯೋಗ ಒಪ್ಪಂದದಲ್ಲಿ ನಾವು ಕೈಹಾಕೋಕಾಗಲ್ಲ ಅಂತ. ನಿಯಮ ಬರೆದವರೇ ಹೀಗಂದರು. ಒಂದು ವರ್ಷದ ಹಗ್ಗ ಬೋಯಿಂಗ್ ಕಂಪನಿಗೇ ಸಾಲಲಿಲ್ಲ, ಎಟಿಆರ್ ಕಂಪನಿಗೆ ಸಾಲುತ್ತಾ?

ಹಾಗಂತ 'ಬಾಂಡ್ ಎಲ್ಲ ಸುಮ್ಮನೆ, ಕೋರ್ಟಿನಲ್ಲಿ ನಿಲ್ಲಲ್ಲ' ಅಂತ ಹಾಸ್ಟೆಲ್ ಕಟ್ಟೆ ಮೇಲೆ ಸಿಗುವ ಸಲಹೆಯನ್ನು ನಂಬಬೇಡಿ. ನಮ್ಮ ಇಂಜಿನಿಯರಿಂಗ್ ಕ್ಯಾಂಪಸ್‌ಗಳಲ್ಲೂ ಇದೇ ಪುಕಾರು ಓಡಾಡ್ತಿತ್ತು. 1872ರ ಕರಾರು ಕಾಯಿದೆಯ 27ನೇ ಸೆಕ್ಷನ್ ಪ್ರಕಾರ ಇನ್ನೊಬ್ಬರ ವೃತ್ತಿಗೆ ಅಡ್ಡ ಬರುವ ಒಪ್ಪಂದ ಆ ಮಟ್ಟಿಗೆ ಅನೂರ್ಜಿತ, ನಿಜ. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಕೇಸಿನಲ್ಲಿ ಒಂದು ತೀರ್ಪು ಕೊಟ್ಟಿತು. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನೋದು ಷರತ್ತು. ಅಧಿಕಾರಿ ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದಿದ್ದರು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಕೆಲಸದಲ್ಲಿರುವ ಅವಧಿಗೆ ಹಾಕಿದ ಇಂಥ ಷರತ್ತು ವೃತ್ತಿಗೆ ಅಡ್ಡಿ ಅಲ್ಲ, ಮೊತ್ತವೂ ವಿಪರೀತವಲ್ಲ ಅಂತ ಹೇಳಿತು.

ಇದರಲ್ಲಿ 'ವಿಪರೀತವಲ್ಲ' ಅನ್ನೋ ಮಾತು ಹಿಡಿದುಕೊಳ್ಳಿ. ಅದೇ ಕಾಯಿದೆಯ 74ನೇ ಸೆಕ್ಷನ್ ಹೇಳೋದು ಇಷ್ಟೇ: ಕರಾರಿನಲ್ಲಿ ಎಷ್ಟೇ ಬರೆದಿರಲಿ, ಕೊಡಿಸೋದು ಸಮಂಜಸ ಪರಿಹಾರ, ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ. ಜೊತೆಗೆ ಯಾವ ಕೋರ್ಟೂ ನಿಮ್ಮನ್ನು ಎಳೆದುಕೊಂಡು ಹೋಗಿ ಕಾಕ್‌ಪಿಟ್‌ನಲ್ಲಿ ಕೂರಿಸಲ್ಲ. ದುಡ್ಡಿನ ಮಾತು ಆಡುತ್ತೆ. ಅಂದರೆ ಬಾಂಡ್ ಕಾಗದದ ಹುಲಿಯೂ ಅಲ್ಲ, ಜೀತದ ಪತ್ರವೂ ಅಲ್ಲ. ಅದರಲ್ಲಿ ಏನು ಬರೆದಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಏನು ಬರೆದಿದೆ ಅಂತ ನೋಡೋದು ಹೇಗೆ? ಮನೆಯಲ್ಲಿ ಪೈಲಟ್ ಆಗಬೇಕು ಅನ್ನೋ ಮಕ್ಕಳಿದ್ದರೆ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ.

ಒಂದು, ಬಾಂಡ್ ಗಡಿಯಾರ ಯಾವತ್ತು ಶುರು? ಸಹಿ ಹಾಕಿದ ದಿನದಿಂದಲೋ, ತರಬೇತಿ ಮುಗಿಸಿ ಪ್ರಯಾಣಿಕರ ವಿಮಾನ ಹಾರಿಸಿದ ದಿನದಿಂದಲೋ? ತರಬೇತಿಯನ್ನು ಕಂಪನಿಯೇ ಎಂಟು ತಿಂಗಳು ತಡಮಾಡಿದರೆ ಆ ಎಂಟು ತಿಂಗಳು ಯಾರ ಲೆಕ್ಕಕ್ಕೆ?

ಎರಡು, ಮೊತ್ತ ಕರಗುತ್ತಾ? ಐದು ವರ್ಷದ ಬಾಂಡ್‌ನಲ್ಲಿ ನಾಲ್ಕು ವರ್ಷ ದುಡಿದವನು ಐದನೇ ಒಂದು ಭಾಗ ಕೊಡೋದು ನ್ಯಾಯ. ಕೊನೆಯ ತಿಂಗಳಲ್ಲಿ ಬಿಟ್ಟರೂ ಪೂರ್ತಿ ಕೊಡು ಅಂತಿದ್ದರೆ ಅಲ್ಲಿಗೆ ನಿಲ್ಲಿಸಿ, ಕೇಳಿ.

ಮೂರು, ಕನಿಷ್ಠ ಗಂಟೆಯ ಖಾತ್ರಿ ಎಷ್ಟು? ಪೈಲಟ್ ಸಂಬಳದ ದೊಡ್ಡ ಭಾಗ ಹಾರಿದ ಗಂಟೆಯ ಮೇಲೆ ನಿಂತಿರುತ್ತೆ. ವಿಮಾನ ಹಾರದಿದ್ದರೂ ಇಷ್ಟು ಗಂಟೆಯ ದುಡ್ಡು ಕೊಡ್ತೀವಿ ಅನ್ನೋ ಸಾಲು ಬೇಕು. ಕೊರೊನಾ ಕಾಲದಲ್ಲಿ ಆ ಸಾಲಿನ ಬೆಲೆ ಪೈಲಟ್‌ಗಳಿಗೆಲ್ಲ ಗೊತ್ತಾಯಿತು.

ನಾಲ್ಕು, ಕಂಪನಿಯೇ ನಿಂತರೆ? ಸಂಬಳ ಮೂರು ತಿಂಗಳು ಬರದಿದ್ದರೆ? ಆಗ ಬಾಂಡ್ ತಾನಾಗೇ ಬಿದ್ದುಹೋಗುತ್ತೆ ಅಂತ ಬರೆದಿದೆಯಾ? ಬಹಳ ಕರಾರುಗಳಲ್ಲಿ ಪೈಲಟ್ ಬಿಟ್ಟರೆ ಏನು ಅನ್ನೋದಕ್ಕೆ ಎರಡು ಪುಟ ಇರುತ್ತೆ, ಕಂಪನಿ ಕೈಬಿಟ್ಟರೆ ಏನು ಅನ್ನೋದಕ್ಕೆ ಒಂದು ಸಾಲೂ ಇರಲ್ಲ.

ಐದು, ಮೆಡಿಕಲ್. ಪೈಲಟ್ ಕೆಲಸ ಒಂದು ಇಸಿಜಿ ವರದಿಯ ಮೇಲೆ ನಿಂತಿರುತ್ತೆ. ಅನ್‌ಫಿಟ್ ಆದರೆ ಸಂಬಳ ಎಷ್ಟು ದಿನ, ಲೈಸೆನ್ಸ್ ನಷ್ಟದ ವಿಮೆ ಕಂಪನಿ ಮಾಡಿಸುತ್ತಾ, ಬಾಂಡ್ ಏನಾಗುತ್ತೆ?

ಆರು, ಖಾಲಿ ಚೆಕ್ ಕೊಡಬೇಡಿ. ಬಾಂಡ್ ಜೊತೆ ಸಹಿ ಮಾಡಿದ ಚೆಕ್ ಕೇಳುವ ಪದ್ಧತಿ ಹಲವು ಉದ್ಯಮಗಳಲ್ಲಿದೆ. ಬಾಂಡ್ ಜಗಳ ಸಿವಿಲ್ ಜಗಳ. ಚೆಕ್ ಬೌನ್ಸ್ ಆದರೆ 138ನೇ ಸೆಕ್ಷನ್ ಅಡಿ ಕ್ರಿಮಿನಲ್ ಕೇಸು. ಅಪ್ಪನ ಚೆಕ್ ಆಗಿದ್ದರೆ ಕೋರ್ಟಿಗೆ ಅಲೆಯೋದು ಅಪ್ಪ.

ಏಳನೆಯದು ಬಹಳ ಮುಖ್ಯ, ಬಡ್ತಿ. ಸಂದರ್ಶನದಲ್ಲಿ 'ಮೂರು ವರ್ಷಕ್ಕೆ ಕ್ಯಾಪ್ಟನ್ ಮಾಡ್ತೀವಿ' ಅಂತಾರೆ. ಕರಾರಿನಲ್ಲಿ 'ಕಂಪನಿಯ ಅಗತ್ಯಕ್ಕೆ ಅನುಗುಣವಾಗಿ' ಅಂತಿರುತ್ತೆ. ಇವೆರಡರ ನಡುವೆ ಭೂಮಿ ಆಕಾಶದ ಅಂತರ. ಪೈಲಟ್ ಬದುಕಿನಲ್ಲಿ ಸೀನಿಯಾರಿಟಿ ಅನ್ನೋದೊಂದು ಸರತಿ ಸಾಲು. ಕಂಪನಿ ಬದಲಿಸಿದರೆ ಮತ್ತೆ ಸಾಲಿನ ಕೊನೆಗೆ. ಎಟಿಆರ್‌ನಲ್ಲಿ ಕ್ಯಾಪ್ಟನ್ ಆಗಿದ್ದವನು ಏರ್‌ಬಸ್‌ಗೆ ಹೋದರೆ ಸಾಮಾನ್ಯವಾಗಿ ಮತ್ತೆ ಬಲಗಡೆ ಸೀಟು, ಮತ್ತೆ ಕೋ-ಪೈಲಟ್. ಕಂಪನಿಯೇ ಮುಚ್ಚಿದರೆ ಸಾಲೇ ಮಾಯ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್, 2022ರಲ್ಲಿ ಟ್ರೂಜೆಟ್, 2023ರಲ್ಲಿ ಗೋ ಫಸ್ಟ್. ಇವುಗಳಲ್ಲಿ ಟ್ರೂಜೆಟ್ ಅಪ್ಪಟ ಪ್ರಾದೇಶಿಕ ಕಂಪನಿ. ಬೀದರ್‌ಗೆ ಮೊದಲ ವಿಮಾನ ತಂದದ್ದು ಅದೇ.

ಈ ಇತಿಹಾಸ ಗೊತ್ತಿರುವ 26ರ ಹುಡುಗನಿಗೆ 'ನಿಷ್ಠೆ ಇಲ್ಲ' ಅಂತ ಬೈಯೋದು ಸುಲಭ. ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸರ್ಕಾರದ ಸಹಾಯಧನ ಸಾಮಾನ್ಯವಾಗಿ 3 ವರ್ಷ. ಸಹಾಯಧನ ಮುಗಿದ ಮೇಲೆ ವಿಮಾನ ಹಾರುತ್ತೋ ಇಲ್ಲವೋ ಯಾರಿಗೂ ಖಾತ್ರಿ ಇಲ್ಲ. ಮಾರ್ಗಕ್ಕೇ ಮೂರು ವರ್ಷದ ಭರವಸೆ ಇರುವಾಗ ಪೈಲಟ್ ಮಾತ್ರ ಐದು ವರ್ಷದ ಭರವಸೆ ಕೊಡಬೇಕು ಅನ್ನೋದು ಯಾವ ಲೆಕ್ಕ ಸ್ವಾಮಿ?

ಅಮೆರಿಕದಲ್ಲಿ ಈ ಸಿನಿಮಾ ನಮಗಿಂತ ಮೊದಲೇ ಓಡಿದೆ. ಅಲ್ಲಿ ದೊಡ್ಡ ಏರ್‌ಲೈನ್‌ಗಳ ಹೆಸರಿನಲ್ಲೇ ಸಣ್ಣ ಊರುಗಳಿಗೆ ಹಾರುವ ಪ್ರಾದೇಶಿಕ ಕಂಪನಿಗಳು ಬಹಳ ವರ್ಷ ತೀರಾ ಕಡಿಮೆ ಸಂಬಳ ಕೊಡ್ತಿದ್ದವು. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ತನಿಖೆಯಲ್ಲಿ ಪೈಲಟ್‌ಗಳ ತರಬೇತಿ, ದಣಿವು, ಸಂಬಳ ಎಲ್ಲ ಚರ್ಚೆಗೆ ಬಂತು. ಆಮೇಲೆ ಬಂದ ಕಾನೂನು ಅಲ್ಲಿ ಕೋ-ಪೈಲಟ್‌ಗೂ ಸಾಮಾನ್ಯವಾಗಿ 1500 ಗಂಟೆ ಕಡ್ಡಾಯ ಮಾಡಿತು. ಕೊರೊನಾ ಮುಗಿದು ದೊಡ್ಡ ಕಂಪನಿಗಳು ಪೈಲಟ್‌ಗಳನ್ನು ಎಳೆದುಕೊಂಡಾಗ ಸಣ್ಣವು ಬರಿದಾದವು. 2022ರ ಮಾರ್ಚ್‌ನಲ್ಲಿ ಸ್ಕೈವೆಸ್ಟ್ ಅನ್ನೋ ಕಂಪನಿ 29 ಸಣ್ಣ ಊರುಗಳ ಸೇವೆ ನಿಲ್ಲಿಸ್ತೀನಿ, ಪೈಲಟ್ ಇಲ್ಲ ಅಂತ ಸರ್ಕಾರಕ್ಕೆ ಬರೆದುಕೊಟ್ಟಿತು. ಸರ್ಕಾರದ ಸಹಾಯಧನದಿಂದ ನಡೀತಿದ್ದ ಸೇವೆ, ನಮ್ಮ ಉಡಾನ್ ಥರ.

ಅವರು ಮಾಡಿದ್ದೇನು? ಅದೇ ವರ್ಷ ಜೂನ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಡೆತನದ ಪೀಡ್‌ಮಾಂಟ್, ಎನ್ವಾಯ್ ಕಂಪನಿಗಳು ಹೊಸ ಕೋ-ಪೈಲಟ್‌ಗೆ ಗಂಟೆಗೆ 90 ಡಾಲರ್ ಘೋಷಿಸಿದವು. ಇದರಲ್ಲಿ ಒಂದು ಭಾಗ ಎರಡು ವರ್ಷದ ತಾತ್ಕಾಲಿಕ ಏರಿಕೆ. ಇನ್ನೊಂದು ವ್ಯವಸ್ಥೆ ಅಲ್ಲಿ ಮೊದಲಿಂದಲೂ ಇತ್ತು. ಪ್ರಾದೇಶಿಕ ಕಂಪನಿಯಲ್ಲಿ ಇಷ್ಟು ವರ್ಷ ದುಡಿದರೆ, ಸರದಿ ಬಂದಾಗ ಮಾತೃಸಂಸ್ಥೆಯ ದೊಡ್ಡ ವಿಮಾನಕ್ಕೆ ದಾರಿ. ಫ್ಲೋ ಅಂತಾರೆ. ಅಲ್ಲೂ ಜಗಳ ಇಲ್ಲ ಅಂತಲ್ಲ. ಸರದಿ ನಿಧಾನ ಆಯಿತು, ಸಣ್ಣ ಕಂಪನಿ ಕ್ಯಾಪ್ಟನ್‌ಗಳನ್ನು ಬಿಡ್ತಿಲ್ಲ ಅನ್ನೋ ಗಲಾಟೆ ಇದ್ದೇ ಇದೆ. ಆದರೆ ಕಾಯೋದು ಯಾತಕ್ಕೆ ಅಂತಾದರೂ ಗೊತ್ತಿರುತ್ತೆ.

ನಮ್ಮಲ್ಲಿ ಇದು ಸಾಧ್ಯವೇ ಇಲ್ವಾ? ಖಂಡಿತ ಸಾಧ್ಯ. ಪ್ರಾದೇಶಿಕ ಕಂಪನಿ ಒಂದು ದೊಡ್ಡ ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳಲಿ. ನಾಲ್ಕು ವರ್ಷ ಇಲ್ಲಿ ಹಾರಿಸಿದವನಿಗೆ ಅಲ್ಲಿ ಸರದಿ, ಅವನ ಬದಲಿಗೆ ಹೊಸಬನನ್ನು ತಯಾರು ಮಾಡೋಕೆ ದೊಡ್ಡ ಕಂಪನಿಯಿಂದ ತರಬೇತಿ ವೆಚ್ಚ. ನಡುರಾತ್ರಿ ಓಡಿಹೋಗುವ ಅಗತ್ಯವೇ ಇರಲ್ಲ, ಹೋಗುವ ದಿನ ಇಬ್ಬರಿಗೂ ಗೊತ್ತಿರುತ್ತೆ. ಉಡಾನ್‌ನಲ್ಲಿ ಸಹಾಯಧನ ಕೊಡುವ ಸರ್ಕಾರ ಅದರ ಒಂದು ಪಾಲನ್ನು ಟೈಪ್ ರೇಟಿಂಗ್‌ಗೆ ಕೊಡಲಿ. ಆಗ ಬಾಂಡ್ ಕೇಳೋಕೆ ಸರ್ಕಾರಕ್ಕೂ ನೈತಿಕ ಹಕ್ಕು ಬರುತ್ತೆ. ಡಿಜಿಸಿಎ ನೋಟಿಸ್ ಅವಧಿ ಬರೆಯೋದಾದರೆ ಅದರ ಪಕ್ಕದಲ್ಲೇ ಬಾಂಡ್‌ಗೆ ಮೇಲ್ಮಿತಿ, ಕರಗುವ ಲೆಕ್ಕ, ಸಂಬಳ ನಿಂತರೆ ಬಿಡುಗಡೆ ಅಂತಲೂ ಬರೆಯಲಿ. ಒಪ್ಪಂದದಲ್ಲಿ ಕೈಹಾಕಲ್ಲ ಅನ್ನೋದಾದರೆ ಪೂರ್ತಿ ಕೈ ತೆಗೆಯಲಿ. ಅರ್ಧ ಕೈ ಹಾಕೋದು ಯಾರಿಗೂ ಒಳ್ಳೆಯದಲ್ಲ.

ಇಷ್ಟಕ್ಕೂ ಇದು ಪೈಲಟ್‌ಗಳ ಸಂಬಳದ ವಿಷಯ, ನಮಗೇನು ಅಂತ ಅನ್ನಿಸಬಹುದು. ಬೀದರ್‌ನಿಂದ ಬೆಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗೆ ಇದೇ ವಿಷಯ. ಕಾಕ್‌ಪಿಟ್‌ನಲ್ಲಿ ಕೂತವನ ತಲೆಯಲ್ಲಿ ಸಾಲದ ಕಂತು, ಬಾಂಡ್ ನೋಟಿಸು, ನಾಳೆಯ ಸಂಬಳ ಸುತ್ತುತ್ತಿದ್ದರೆ ಅದು ಹಿಂದಿನ 70 ಸೀಟಿಗೂ ಸಂಬಂಧಪಟ್ಟ ವಿಷಯ. ಪೈಲಟ್ ಬೇಕು ಅಂದರೆ ಹತ್ತೋಕೆ ಏಣಿ ಇಡಿ. ಏಣಿ ಇಡದೆ ಕಾಲಿಗೆ ಹಗ್ಗ ಕಟ್ಟಿದರೆ ಅವನು ಬಿಚ್ಚಿಕೊಂಡು ಹೋಗೋ ದಾರಿಯನ್ನೇ ಹುಡುಕ್ತಾನೆ. ಮಕ್ಕಳನ್ನು ಆಕಾಶಕ್ಕೆ ಕಳಿಸುವ ಅಪ್ಪ ಅಮ್ಮಂದಿರಿಗೆ ಒಂದೇ ಮಾತು: ಜಮೀನಿನ ಪಹಣಿಯನ್ನು ಎಷ್ಟು ಎಚ್ಚರದಿಂದ ಓದ್ತೀರೋ, ಮಗನ, ಮಗಳ ಕರಾರನ್ನೂ ಅಷ್ಟೇ ಎಚ್ಚರದಿಂದ, ಒಬ್ಬ ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಸಹಿ ಆಮೇಲೆ.